ದ್ಯಾವಮ್ಮನ ಸೋಮವಾರದ ಬಾಟಲಿ

ಅಲ್ಲ ಕಣೇ ಪ್ರಜ್ಞ, ಆ ಬಾಟಲಿಗೆ ಕೈ ಹಾಕಬೇಡ ಅಂತ ಆಗಲೇ ಹೇಳಿದೆನಲ್ಲ. ಇರಲಿ ಬಿಡು, ಗೂಡಿನಲ್ಲೇ ಇರಲಿ. ಹೌದು, ಬ್ರಾಂದಿ ಬಾಟಲಿಯೇ. ಶ್ರೀರಂಗಪಟ್ಟಣದ ಅರ್ಚಕರ ಮನೆಯಲ್ಲಿ ಹುಟ್ಟಿ, ಪಾಂಡವಪುರದ ಮೇಷ್ಟರನ್ನು ಕಟ್ಟಿಕೊಂಡು, ದೇವರ ಮನೆಯ ಪಕ್ಕದ ಗೂಡಿನಲ್ಲಿ ಬ್ರಾಂದಿ ಬಾಟಲಿ ಇಟ್ಟುಕೊಂಡವಳು ನಾನೊಬ್ಬಳೇ ಇರಬೇಕು. ನಗಬೇಡ. ಬಾ, ಇಲ್ಲಿ ಕೂತುಕೋ, ಪೆನ್ನು ತೆಗೆದುಕೋ. ನಿಮ್ಮ ತಾತ ತಮ್ಮ ಹಳ್ಳ ನೋಡುವ ಸಂಘದ ಪುಸ್ತಕಕ್ಕೆ ದ್ಯಾವಮ್ಮನ ವಿಷಯ ಹೇಳಿ ಬರೆಸು ಅಂದಿದ್ದಾರೆ. ಅವರೇ ಬರೆದರೆ ಬರೀ ಅಂಕಿಗಳಿರುತ್ತವೆ, ದ್ಯಾವಮ್ಮ ಇರುವುದಿಲ್ಲ. ಅದಕ್ಕೇ ನಾನು ಒಪ್ಪಿಕೊಂಡೆ.

ದ್ಯಾವಮ್ಮನನ್ನು ನೀನು ನೋಡಿದ್ದೀಯಲ್ಲ. ಹೊಂಗೆಹಳ್ಳದ ಆಚೆ ದಡದವಳು. ನಲವತ್ತು ವರ್ಷದಿಂದ ನಮ್ಮ ಮನೆಗೆ ಹಾಲು ಅವಳದೇ. ಡೈರಿಗೆ ಹಾಕುವುದಕ್ಕೆ ಮೊದಲು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಾಳೆ. ನಿಮ್ಮಮ್ಮ ಚಿಕ್ಕವಳಿದ್ದಾಗ ಅವಳ ಹಾಲಿನ ತಂಬಿಗೆಯಲ್ಲಿ ಮುಖ ನೋಡಿಕೊಂಡು ಜಡೆ ಹಾಕಿಕೊಳ್ಳುತ್ತಿದ್ದಳು, ಅಷ್ಟು ಹೊಳಪು. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದ ಮೇಲೇ ಅವಳು ಒಂದು ಪಾತ್ರೆಗೆ ಹಾಲು ಬಿಡುವುದು. ಯಾರಾದರೂ ಸೋಪಿನ ಪುಡಿ ತೋರಿಸಿದರೆ ಮೂಗು ಮುರಿಯುತ್ತಿದ್ದಳು. "ಆ ನೊರೆ ನಂಬ್ಕೊಂಡು ಆಲು ಇಡಾಕಾದದಾ ಅಮ್ಮಾರೆ?" ಅನ್ನುತ್ತಿದ್ದಳು. ಇದನ್ನು ಮರೆಯದೆ ಬರಿ, ಆಮೇಲೆ ಬೇಕಾಗುತ್ತದೆ.

ಅವಳು ಸಂಘ ಸೇರಿದ್ದು ತೊಂಬತ್ತೈದರಲ್ಲಿ. ಆ ವರ್ಷ ನಿಮ್ಮ ತಾತನಿಗೆ ಹಳ್ಳಗಳ ಹುಚ್ಚು ಹಿಡಿದಿತ್ತು. ಊರೂರಿನ ಹಳ್ಳದ ಆರೋಗ್ಯ ಊರಿನವರೇ ನೋಡಬೇಕು, ಸರ್ಕಾರದವರು ಬರಲಿ ಅಂತ ಕಾಯಬಾರದು ಅನ್ನುವುದು ಅವರ ವಾದ. ಸುತ್ತಿನ ನಾಲ್ಕು ತಾಲ್ಲೂಕಿಗೂ ಕಾಗದ ಬರೆದರು. ಒಂದು ಭಾನುವಾರ ಸ್ಕೂಲಿನ ಜಗಲಿಯಲ್ಲಿ ಹದಿನಾಲ್ಕು ಜನ ಸೇರಿದರು. ಕೆ.ಆರ್. ಪೇಟೆ ಕಡೆಯಿಂದ ಇಬ್ಬರು ಟೀಚರುಗಳು ಬಂದಿದ್ದರು. ಬೆಳಗೊಳದ ರಂಗಸ್ವಾಮಿ ಅಲ್ಲಿನ ಹಳ್ಳದ ನೀರನ್ನು ಹುಳದ ಸಮೇತ ಒಂದು ಡಬ್ಬಿಯಲ್ಲಿ ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದ. ಕಂಡಕ್ಟರು ಡಬ್ಬಿ ಇಣುಕಿ ನೋಡಿ, "ಇವಕ್ಕೆಲ್ಲ ಅರ್ಧ ಟಿಕೆಟ್ ಅರಿಲಾ?" ಅಂದನಂತೆ. ನಾಗಮಂಗಲ ಕಡೆಯಿಂದ ಹೊಣಕೆರೆಯ ಕರಿಯಯ್ಯ ಬಂದಿದ್ದ. ಎಲ್ಲ ಕೇಳಿಸಿಕೊಂಡು ಕೊನೆಗೆ ಕೈ ಎತ್ತಿದ.

"ಮೇಷ್ಟ್ರೆ, ಎಲ್ಲಾ ಸರಿ. ನಮ್ಮ ಅಳ್ಳದಲ್ಲಿ ನೀರೇ ಇಲ್ವಲ್ಲ, ಏನಂತ ಬರೀಲಿ?"

"ನೀರಿಲ್ಲ ಅಂತಲೇ ಬರೀರಿ ಕರಿಯಯ್ಯ. ಅದೂ ತಿಳೀಬೇಕಾದ್ದೇ."

"ಅಂಗಾರೆ ಮುಂದಿನ್ ವರ್ಸದ್ ಗಂಟ ಈಗ್ಲೇ ಬರ್ದು ಕೊಟ್ಬುಡ್ತೀನಿ, ತಕ್ಕಳಿ!"

ಎಲ್ಲರೂ ನಗುತ್ತಿದ್ದಾಗ ದ್ಯಾವಮ್ಮ ಕಾಫಿಗೆ ಹಾಲು ತಂದಳು. ಮೀಟಿಂಗು ಆಗ ಅರ್ಧ ಮುಗಿದಿತ್ತು. ಅರ್ಧ ಮುಗಿದಿತ್ತು ಅನ್ನುವುದನ್ನು ಅಡಿಗೆರೆ ಹಾಕಿ ಬರಿ. ತಾತ ರಂಗಸ್ವಾಮಿಯ ಹುಳಗಳನ್ನು ಬಿಳಿ ಪಿಂಗಾಣಿ ತಟ್ಟೆಗೆ ಬಗ್ಗಿಸಿ ತೋರಿಸುತ್ತಿದ್ದರು. ಕಡ್ಡಿಯಷ್ಟು ಸಣ್ಣವು, ಹಿಂದೆ ಮೂರು ಬಾಲ. ಇವಳು ತಂಬಿಗೆ ಕೆಳಗಿಟ್ಟು ಬಗ್ಗಿ ನೋಡಿದಳು.

"ಅಯ್ಯೋ, ಈ ಉಳನಾ? ನಮ್ಮ ಅಳ್ಳದಲ್ಲಿ ಕಲ್ ಎತ್ತಿದ್ರೆ ಗಿಜಿಗಿಜಿ ಅಂತವೆ. ಎಮ್ಮೆ ಮೈ ತೊಳೆಯೋವಾಗ ದಿನಾ ನೋಡಿವ್ನಿ."

"ಇವು ಕೆಟ್ಟ ನೀರಲ್ಲಿ ಬದುಕೋದಿಲ್ಲ ದ್ಯಾವಮ್ಮ. ಇವು ಇದ್ದರೆ ಹಳ್ಳ ಆರೋಗ್ಯವಾಗಿದೆ ಅಂತ."

"ಅಂಗಾರೆ ನಮ್ಮ ಎಮ್ಮೆಗಿಂತ ಇವಕ್ಕೇ ಮಡಿ ಜಾಸ್ತಿ ಅನ್ನಿ."

ಅಲ್ಲಿಗೆ ಸಂಘದ ಹದಿನೈದನೆಯ ಸದಸ್ಯೆ ಸಿಕ್ಕಿದಳು. ಅಕ್ಷರ ಅವಳಿಗೆ ಹೊಸದು. ಅದಕ್ಕೆ ನಾಲ್ಕು ವರ್ಷದ ಹಿಂದೆ ಸಂಜೆ ಸ್ಕೂಲಿಗೆ ಹೋಗಿ ಕಲಿತಿದ್ದಳು. ತಾತ ಅವಳಿಗೆ ಒಂದು ನೋಟುಬುಕ್ಕು, ಒಂದು ಹಾರ್ಲಿಕ್ಸ್ ಬಾಟಲಿ, ಸ್ಕೂಲಿನ ಲ್ಯಾಬಿನಲ್ಲಿರುತ್ತದಲ್ಲ ಆ ಹಳದಿ ಕಾಗದದ ಚೂರುಗಳನ್ನು ಕೊಟ್ಟರು. ಬಾಟಲಿಗೆ ಹಿಡಿದ ನೀರಿನಲ್ಲಿ ಕಾಗದವನ್ನು ಅದ್ದಿದಾಗ ಹಸಿರಾದರೆ ನೀರು ಸರಿಯಾಗಿದೆ. ನೀಲಿಗೆ ತಿರುಗಿದರೆ ಸುಣ್ಣವೋ ಸೋಡವೋ ಏನೋ ಸೇರಿದೆ ಅಂತ ತಿಳಿಯಬೇಕು. ಅವಳು ಸೋಮವಾರ ಆರಿಸಿಕೊಂಡಳು. ಸೋಮವಾರ ಅವರಲ್ಲಿ ನೇಗಿಲಿಗೆ ಎತ್ತು ಕಟ್ಟುವುದಿಲ್ಲ, ಆವತ್ತು ಅವಳಿಗೂ ಸ್ವಲ್ಪ ಬಿಡುವು.

ಪ್ರತಿ ಸೋಮವಾರ ಹೊಂಗೆ ಮರದ ಕೆಳಗೆ ಸೀರೆ ಎತ್ತಿ ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದಳು. ಐದು ಕಲ್ಲು ಎತ್ತಿ, ಅಡಿಯಲ್ಲಿರುವ ಹುಳ ಎಣಿಸಿ, ಕಲ್ಲನ್ನು ಹೇಗಿತ್ತೋ ಹಾಗೇ ಮಲಗಿಸಿ ಬರುತ್ತಿದ್ದಳು. ನೋಟುಬುಕ್ಕಿನಲ್ಲಿ ಒಂದು ಹುಳಕ್ಕೆ ಒಂದು ಚುಕ್ಕಿ, ರಂಗೋಲಿ ಚುಕ್ಕಿಯ ಹಾಗೆ ಸಾಲಾಗಿ. ಕಾಗದದ ಚೂರನ್ನು ಅನ್ನದ ಅಗುಳು ಒತ್ತಿ ಪಕ್ಕದಲ್ಲಿ ಅಂಟಿಸುತ್ತಿದ್ದಳು. ಅವಳ ಬುಕ್ಕನ್ನು ಇರುವೆ ಮುತ್ತದೆ ಇದ್ದ ವಾರ ಇಲ್ಲ. ಮಿಕ್ಕವರು ಮಳೆ ಅಂತ, ಮದುವೆ ಅಂತ ತಪ್ಪಿಸುತ್ತಿದ್ದರು. ಇವಳು ಒಂದು ಸೋಮವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹೋಗಿದ್ದಳು, ಬೈದರೆ, "ಉಳಕ್ಕೆ ನನ್ ಜರ ಗೊತ್ತಾದದಾ, ಕಾಯ್ತಾ ಇರ್ತವೆ" ಅಂದಳು.

ಒಂದೂವರೆ ವರ್ಷ ಕಾಗದ ಹಸಿರೇ. ತೊಂಬತ್ತಾರರ ಡಿಸೆಂಬರಿನಲ್ಲಿ ನೀಲಿಯಾಯಿತು.

ತಡಿ, ಅದಕ್ಕೆ ಮುಂಚೆ ಎಮ್ಮೆ ಬಾಟಲಿ ತುಳಿದದ್ದು ಹೇಳಬೇಕು. ಹಾರ್ಲಿಕ್ಸ್ ಬಾಟಲಿಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಬಿಸಿಲಿಗೆ ಇಟ್ಟಿದ್ದಳಂತೆ. ಎಮ್ಮೆ ಅದರ ಮೇಲೇ ಕಾಲಿಟ್ಟಿತು. ನಿಮ್ಮ ತಾತ ಗುಜರಿ ಅಂಗಡಿಯಿಂದ ಬೇರೆ ಬಾಟಲಿ ತಂದುಕೊಟ್ಟರು. ಅದೇ ಇದು, ಗೂಡಿನಲ್ಲಿರುವುದು. ಅವರಿಗೆ ಬಾಟಲಿ ಅಂದರೆ ಬಾಟಲಿ, ಗಾಜು ಗಟ್ಟಿಯಾಗಿದೆ ಅಂತ ತಂದರು. ದ್ಯಾವಮ್ಮ ಅದನ್ನು ಸೆರಗಿನ ಒಳಗೆ ಮುಚ್ಚಿಕೊಂಡು ಮನೆಗೆ ಹೋದಳು. ಯಾರಾದರೂ ನೋಡಿದರೆ ಏನಂತಾರೆ ಅನ್ನುವ ಸಂಕೋಚಕ್ಕೆ ಆಮೇಲೆ ಆ ಬಾಟಲಿಯ ಮಾತನ್ನೇ ಎತ್ತಲಿಲ್ಲ.

ಅದೇ ವಾರ ಹಳ್ಳದ ಮೇಲುಗಡೆ ಚಿಕ್ಕಸ್ವಾಮಿಯ ಆಲೆಮನೆ ಆ ವರ್ಷದ ಬೆಲ್ಲಕ್ಕೆ ಶುರುವಾಯಿತು. ಚಿಕ್ಕಸ್ವಾಮಿ ಯಾರು ಅಂದರೆ ದ್ಯಾವಮ್ಮನ ಒಡಹುಟ್ಟಿದ ತಮ್ಮ. ಅವಳ ತವರು ಅಂದರೆ ಅವನೊಬ್ಬನೇ. ಅಪ್ಪನ ಕಾಲದಿಂದ ಒಂದು ಪದ್ಧತಿ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಅಕ್ಕನ ಮನೆಗೆ ಒಂದು ಕುಕ್ಕೆ ಅಚ್ಚುಬೆಲ್ಲ ಅವನೇ ತಲೆಯ ಮೇಲೆ ಹೊತ್ತು ತರಬೇಕು. ಆಳಿನ ಕೈಲಿ ಕಳಿಸುವಂತಿಲ್ಲ. ಅವಳು ಅದರಲ್ಲಿ ನಮಗೂ ನಾಲ್ಕು ಅಚ್ಚು ಕೊಡುತ್ತಿದ್ದಳು. ಆಹಾ, ಆ ಬೆಲ್ಲದ ಪಾಯಸ ನೀನು ತಿಂದಿದ್ದೀಯ, ಬೇಡ ಅಂತ ಅತ್ತು ಆಮೇಲೆ ಎರಡು ಲೋಟ ಕುಡಿದೆ. ಇರಲಿ.

ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲಿ ಅಂತ ಸುಣ್ಣದ ನೀರು ಹಾಕುತ್ತಾರೆ. ಕೊಪ್ಪರಿಗೆ ತೊಳೆದ ನೀರು ಹಳ್ಳಕ್ಕೆ ಹೋಗುತ್ತದೆ. ಹಳ್ಳದ ಕಾಗದ ನೀಲಿ. ನಿಮ್ಮ ತಾತ ಎರಡಕ್ಕೂ ಗಂಟು ಹಾಕಿದರು, ಹೋದ ವರ್ಷಕ್ಕಿಂತ ಈ ವರ್ಷ ಸುಣ್ಣ ಜಾಸ್ತಿ ಬಿದ್ದಿದೆ ಅಂದರು. ಒಂದು ಸೋಮವಾರ ನೀಲಿ, ಎರಡನೆಯ ಸೋಮವಾರ ನೀಲಿ, ನಾಲ್ಕು ವಾರವೂ ನೀಲಿ. ಜನವರಿ ಬಂತು. ಆಲೆಮನೆ ನಿಲ್ಲಿಸಬೇಕು ಅಂತ ತಹಶೀಲ್ದಾರರಿಗೆ ಒಂದು ಅರ್ಜಿ ಬರೆದರು. ಸಂಘದ ನಿಯಮ ಏನು ಅಂದರೆ, ಯಾವ ಹಳ್ಳದ ದೂರೋ ಆ ಹಳ್ಳ ನೋಡುವವರೇ ಮೊದಲ ಸಹಿ ಹಾಕಬೇಕು. ಅಂದರೆ ದ್ಯಾವಮ್ಮ ತನ್ನ ತಮ್ಮನ ಆಲೆಮನೆಯ ಮೇಲೆ ಸಹಿ ಹಾಕಬೇಕು. ಸಂಕ್ರಾಂತಿಗೆ ಒಂದೇ ವಾರ ಇತ್ತು.

ಆ ಭಾನುವಾರ ನಾನು ದಂಟಿನ ಸೊಪ್ಪಿಗೆ ಅಂತ ಅವಳ ಮನೆಗೆ ಹೋಗಿದ್ದೆ. ನಾನು ಜಗಲಿಯಲ್ಲಿ ಕೂತಿದ್ದಾಗಲೇ ಚಿಕ್ಕಸ್ವಾಮಿ ಬಂದ. ಮೈಯೆಲ್ಲ ಹೊಗೆ, ಕಣ್ಣು ಕೆಂಪು. ನನಗೊಂದು ನಮಸ್ಕಾರ ಹಾಕಿ ಅವಳ ಕಡೆ ತಿರುಗಿದ.

"ಅಕ್ಕ, ಆ ಬುಕ್ಕಲ್ಲಿ ನೀಲಿ ಅಂತ ಬರ್ದಿರದು ದಿಟವಾ?"

"ದಿಟ ಕಣ್ಲಾ. ಕಾಗ್ದ ನೀಲಿ ಆಯ್ತು, ನೀಲಿ ಅಂತ ಬರ್ದೆ."

"ಅಸ್ರು ಅಂತ ಬರ್ದಿದ್ರೆ ನಿನ್ ಗಂಟೇನ್ ಓಗ್ತಿತ್ತು?"

"ತಮ್ಮ ಅಂತ ಅಸ್ರು ಬರ್ದು, ಇನ್ನೊಬ್ರಿಗೆ ನೀಲಿ ಬರಿಯಾಕಾದದಾ? ಅಂಗಿದ್ರೆ ಆ ಬುಕ್ಕೇ ಒಲೆಗ್ ಆಕ್ಬೇಕು."

"ಅಪ್ಪನ ಕಾಲ್ದಿಂದ ಕೊಪ್ಪರಿಗೆ ತೊಳ್ದ ನೀರು ಅಲ್ಲಿಗೇ ಓಯ್ತದೆ. ಯಾವ್ ಉಳ ಸತ್ತದೆ, ತೋರ್ಸು!"

"ಅದೇ ಕಣ್ಲಾ ನಂಗೂ ತಿಳೀತಿಲ್ಲ. ಒಂದೂ ಸತ್ತಿಲ್ಲ."

"ಸತ್ತಿಲ್ಲ, ಆದ್ರೂ ನನ್ ಆಲೆಮನೆ ಮುಚ್ಬೇಕು! ಈ ವರ್ಸ ಬೆಲ್ಲ ಬತ್ತದೆ ಅಂತ ದಾರಿ ಕಾಯ್ಬೇಡ ಕಣಕ್ಕ."

ಹಿಂದಿರುಗಿ ನೋಡದೆ ಹೋದ. ದ್ಯಾವಮ್ಮ ಸೊಪ್ಪು ಕಿತ್ತು ನನ್ನ ಚೀಲಕ್ಕೆ ತುಂಬಿದಳು. ಆಮೇಲೆ ಎಮ್ಮೆ ಕರೆಯಲು ಕೂತಳು. ಹಣೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿಕೊಂಡು ಕರೆದಳು, ಎಷ್ಟು ಹೊತ್ತಾದರೂ ಹಣೆ ತೆಗೆಯಲಿಲ್ಲ. ನಾನು ಚೀಲ ಎತ್ತಿಕೊಂಡು ಎದ್ದು ಬಂದೆ. ಮನೆಗೆ ಬಂದು ನೋಡಿದರೆ ಚೀಲದಲ್ಲಿ ದಂಟಿನ ಸೊಪ್ಪಿನ ಜೊತೆ ಅರ್ಧ ಎಮ್ಮೆ ಹುಲ್ಲು.

ಬುಧವಾರ ಬೆಳಿಗ್ಗೆ ಹಾಲು ಕೊಟ್ಟು, "ಸೈನ್ ಆಕ್ಬುಟ್ಟು ಓಯ್ತೀನಿ ಅಮ್ಮಾರೆ, ಎಲ್ಲಿ ಕಾಗ್ದ?" ಅಂದಳು. ತಾತ ಪೂಜೆಗೆ ಕೂತಿದ್ದರು. ಸ್ವಲ್ಪ ಹೊತ್ತು ಕಾದಿರು ಅಂದೆ. ಹಿತ್ತಲಲ್ಲಿ ಹಂಡೆ ಒಲೆಯ ಹತ್ತಿರ ಕೂತಳು.

"ಒಂದ್ ಮಾತು. ಮೊನ್ನೆ ಸೋಮಾರ ನಲವತ್ತಾರು ಉಳ ಎಣಿಸಿವ್ನಿ. ಓದ್ ವರ್ಸ ಇದೇ ವ್ಯಾಳೇಲಿ ನಲವತ್ತು ಇತ್ತು. ನೀರು ಕೆಟ್ಟಿದ್ರೆ ಇವು ಎಂಗೆ ಎಚ್ಚಾದವು?"

"ನಿಮ್ಮ ಮೇಷ್ಟರನ್ನು ಕೇಳಿದೆಯಾ?"

"ಕೇಳ್ದೆ. ಕಾಗ್ದ ಸುಳ್ಳೇಳಲ್ಲ ದ್ಯಾವಮ್ಮ ಅಂದ್ರು. ಉಳ ಮಾತ್ರ ಸುಳ್ಳೇಳ್ತವಾ?"

ನಾನು ಕಾಫಿ ಬೆರೆಸುತ್ತಾ ಒಳಗಿನಿಂದ ನೋಡುತ್ತಿದ್ದೆ. ಅವಳಿಗೆ ಸುಮ್ಮನೆ ಕೂರಲು ಬರುವುದಿಲ್ಲ, ಮನಸ್ಸು ಕೆಟ್ಟಾಗ ಕೇಳಲೇಬೇಡ. ಒಲೆಯ ಪಕ್ಕ ಖಾಲಿಯಾದ ಹರಳೆಣ್ಣೆ ಬಾಟಲಿ ಬಿದ್ದಿತ್ತು, ನಾನೇ ಎಸೆಯಬೇಕು ಅಂತ ಇಟ್ಟಿದ್ದು. ಎತ್ತಿಕೊಂಡಳು. ಒಲೆಯಿಂದ ಒಂದು ಹಿಡಿ ಬೂದಿ ಬಾಚಿ ಅದರೊಳಗೆ ಸುರಿದಳು. ಕಿರಿ ಬಾಯಿ, ಕೈ ಹೋಗುವುದಿಲ್ಲ. ತೆಂಗಿನ ನಾರನ್ನು ಒಂದು ಕಡ್ಡಿಯಲ್ಲಿ ಒಳಗೆ ತಳ್ಳಿ ತಿರುಗಿಸಿದಳು, ಗಡಗಡ ಅಲ್ಲಾಡಿಸಿದಳು, ಒಂದು ಚೊಂಬು ನೀರು ಹಾಕಿ ಚೆಲ್ಲಿದಳು, ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕಿದಳು. ಹೊರಗೆ ಫಳಫಳ. ಒಳಗೆ ಕತ್ತಿನ ಸುತ್ತ ಬೂದಿ ಬಳೆಯ ಹಾಗೆ ಅಂಟಿಕೊಂಡೇ ಇತ್ತು.

ನಮ್ಮ ಅಮ್ಮ ಪಟ್ಟಣದ ಮನೆಯಲ್ಲಿ ಜಮಖಾನ ಒಗೆಯುವುದಕ್ಕೆ ಬೂದಿಯನ್ನು ನೀರಿನಲ್ಲಿ ನೆನೆಸಿ ತಿಳಿ ಬಸಿಯುತ್ತಿದ್ದರು. ಆ ನೀರು ಮುಟ್ಟಿದರೆ ಕೈ ಸೋಪಿನ ಹಾಗೆ ಜಾರುತ್ತಿತ್ತು, ಬೆರಳ ತುದಿ ಸುಕ್ಕುಗಟ್ಟುತ್ತಿತ್ತು. ಯಾಕೋ ಅದು ನೆನಪಾಯಿತು. ಕಾಫಿ ಲೋಟ ಅಲ್ಲೇ ಇಟ್ಟೆ.

"ದ್ಯಾವಮ್ಮ, ಹಳ್ಳದ ಬಾಟಲಿಯನ್ನೂ ಹೀಗೇ ತೊಳೀತೀಯಾ?"

"ಮತ್ತೆ? ಬ್ರಾಂದಿ ಬಾಟ್ಲು ಕಣಮ್ಮಾರೆ! ಆಲು ಇಡೋ ಮನೇಲಿ ಇಟ್ಕಬೇಕಲ್ಲ. ಪ್ರತಿ ಭಾನ್ವಾರ ಮೂರ್ ಮೂರ್ ಸಲ ಬೂದಿ ಆಕಿ ಉಜ್ತೀನಿ, ವಾಸ್ನೆ ಓಗ್ಬೇಕಲ್ಲ. ಬಾವಿ ನೀರಲ್ ಒಂದು ಸಲ ತೊಳ್ದು, ಮಾರನೇ ದಿನ ಅಳ್ಳದ ನೀರು ಇಡೀತೀನಿ."

ಆ ಹರಳೆಣ್ಣೆ ಬಾಟಲಿಗೆ ನಮ್ಮ ಮನೆಯ ನಲ್ಲಿ ನೀರು ಹಿಡಿದೆ. ತಾತನ ಪೆಟ್ಟಿಗೆಯಿಂದ ಒಂದು ಹಳದಿ ಚೂರು ತಂದು ಅದ್ದಿದೆ. ನೀಲಿ! ನೀಲಿ ಅಂದರೆ ನಮ್ಮ ಹುಣಸೂರಿನ ಅತ್ತೆಯ ಮದುವೆ ಸೀರೆಯಷ್ಟು ನೀಲಿ. ನಲ್ಲಿಯಿಂದ ನೇರವಾಗಿ ಲೋಟಕ್ಕೆ ಹಿಡಿದು ಇನ್ನೊಂದು ಅದ್ದಿದೆ. ಹಸಿರು.

ತಾತ ಒದ್ದೆ ಪಂಚೆಯಲ್ಲೇ ಬಂದರು. "ಸರೋಜ, ಆ ಕಾಗದ ಮುಟ್ಟಬೇಡ, ಕಮ್ಮಿ ಇದೆ ಅಂತ ಹೇಳಿರಲಿಲ್ವೇ?"

"ಬಂದು ನೋಡಿ," ಅಂದೆ. "ಚಿಕ್ಕಸ್ವಾಮಿ ನಮ್ಮ ಬಾಟಲಿಯೊಳಗೂ ಕೊಪ್ಪರಿಗೆ ತೊಳೆದಿದ್ದಾನೆ."

ಎರಡು ಕಾಗದವನ್ನೂ ನೋಡಿದರು. ಬಾಟಲಿಯ ಕತ್ತು ನೋಡಿದರು, ಒಲೆಯ ಬೂದಿ ನೋಡಿದರು, ದ್ಯಾವಮ್ಮನ ಕೈ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು ಹಂಡೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದೂವರೆ ವರ್ಷ ಏನೂ ಆಗಲಿಲ್ಲವಲ್ಲ..."

"ಅದರೊಳಕ್ಕೆ ಕೈ ಓಗ್ತಿತ್ತು ಮೇಷ್ಟ್ರೆ. ಬೂದಿ ಚೂರೂ ಬುಡ್ದಂಗೆ ತಗೀತಿದ್ದೆ."

"ನೀರು ಹಿಡಿಯುವ ಮೊದಲು ಹಳ್ಳದ ನೀರಲ್ಲೇ ಮೂರು ಸಲ ಅಲ್ಲಾಡಿಸಿ ಚೆಲ್ಲಬೇಕು ದ್ಯಾವಮ್ಮ. ಮೊದಲನೇ ಮೀಟಿಂಗಿನಲ್ಲೇ ಹೇಳಿದ್ದೆನಲ್ಲ."

"ನೀವು ಅದ ಏಳೋವಾಗ ನಾನು ನಿಮ್ಮ ಕಾಫಿಗೆ ಆಲ್ ಕರೀತಿದ್ದೆ!"

ಅಡಿಗೆರೆ ಯಾಕೆ ಹಾಕಿಸಿದೆ ಅಂತ ಈಗ ತಿಳಿಯಿತಾ? ಅವಳಿಗೆ ಆ ಮಾತನ್ನು ಯಾರೂ ಹೇಳಿಯೇ ಇರಲಿಲ್ಲ. ಹೇಳದೆ ಇದ್ದರೆ ಅವಳಿಗೆ ಹೊಳೆಯುವುದಾದರೂ ಹೇಗೆ? ತೊಳೆದು ಒಣಗಿಸಿದ ಪಾತ್ರೆಯೊಳಕ್ಕೆ ಹಳ್ಳದ ನೀರು ಆಡಿಸುವುದು ಅಂದರೆ ಅವಳ ಪ್ರಕಾರ ಮತ್ತೆ ಮೈಲಿಗೆ ಮಾಡಿದ ಹಾಗೆ.

ಮೂವರೂ ಹೊರಟೆವು. ತಾತ ಸೈಕಲ್ಲಿನಲ್ಲಿ ಮುಂದೆ, ನಾವಿಬ್ಬರು ಹಿಂದೆ ನಡೆದು. ದ್ಯಾವಮ್ಮ ಮನೆಯಿಂದ ಬ್ರಾಂದಿ ಬಾಟಲಿ ತಂದಳು, ಅವತ್ತು ಸೆರಗಿನಲ್ಲಿ ಮುಚ್ಚಿಕೊಳ್ಳುವುದನ್ನೂ ಮರೆತಿದ್ದಳು. ಹೊಂಗೆ ಮರದ ಕೆಳಗೆ ನೀರಿಗಿಳಿದು ಮೊದಲು ಕತ್ತಿನ ಬೂದಿ ಪೂರ್ತಿ ಹೋಗುವ ತನಕ ಕುಲುಕಿದಳು. ಆಮೇಲೆ ಮೂರು ಸಲ ಆಡಿಸಿ ಚೆಲ್ಲಿ, ನಾಲ್ಕನೆಯದನ್ನು ಹಿಡಿದಳು. ಕಾಗದ ಅದ್ದಿದ್ದು ನಾನೇ. ಮೂವರ ತಲೆಯೂ ಒಂದಕ್ಕೊಂದು ತಾಗುವಷ್ಟು ಬಗ್ಗಿದ್ದೆವು.

ಹಸಿರು. ಭತ್ತದ ಸಸಿಯ ಹಸಿರು.

ಆಲೆಮನೆಯ ಮೇಲುಗಡೆ ಹಳ್ಳದಲ್ಲಿ ಒಂದು ಸಲ, ಕೆಳಗಡೆ ಒಂದು ಸಲ ನೋಡಿದೆವು. ಎಲ್ಲೂ ಹಸಿರೇ. ದ್ಯಾವಮ್ಮ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ನೀರಿನಲ್ಲಿ ಕಾಲು ಬಿಟ್ಟುಕೊಂಡು, "ಉಸ್ಸಪ್ಪಾ" ಅಂದಳು. ಒಂದು ತಿಂಗಳಿಂದ ಹಿಡಿದಿಟ್ಟಿದ್ದ ಉಸಿರು ಅದು. ನನಗೆ ಈಗ ನೆನೆದರೂ ಎದೆ ಹಗುರಾಗುತ್ತದೆ.

ತಾತ ಅರ್ಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ನೇರ ಆಲೆಮನೆಗೆ ಹೋಗಿ, ಕೊಪ್ಪರಿಗೆಯ ಕೆಳಗೆ ಉರಿಯುತ್ತಿದ್ದ ಒಲೆಗೆ ಅದನ್ನು ಹಾಕಿ, "ತಪ್ಪು ನನ್ನದು ಚಿಕ್ಕಸ್ವಾಮಿ. ನಿಮ್ಮಕ್ಕನದಲ್ಲ," ಅಂತ ನಡೆದದ್ದನ್ನೆಲ್ಲ ಹೇಳಿದರು. ಅವನು ಸೌಟು ಹಿಡಿದುಕೊಂಡೇ ಕೇಳಿದ. ಮೊದಲು ಮುಖ ಬಿಗಿದಿತ್ತು, ಆಮೇಲೆ ತುಟಿ ಅಲುಗಿತು.

"ಬ್ರಾಂದಿ ಬಾಟ್ಲು ಮನೆ ಆಳ್ಮಾಡಿರದು ಬೇಜಾನ್ ನೋಡಿವ್ನಿ ಮೇಷ್ಟ್ರೆ. ಖಾಲಿ ಬಾಟ್ಲು ಆಲೆಮನೆ ಮುಚ್ಸಕ್ ಬಂದಿರದು ಇದೇ ಮೊದ್ಲು!"

ಗಾಣದ ಹತ್ತಿರ ಇದ್ದವರೆಲ್ಲ ಹೋ ಅಂತ ನಕ್ಕರು. ಪಕ್ಕದಲ್ಲಿ ಆಳೆತ್ತರದ ಹೊಸ ಗುಂಡಿ ಒಂದು ಕಾಣಿಸಿತು. ಕೊಪ್ಪರಿಗೆ ತೊಳೆದ ನೀರು ಅದಕ್ಕೆ ಹೋಗುವ ಹಾಗೆ ಕಾಲುವೆ ಮಾಡಿದ್ದ, ನೀರು ಮಾತ್ರ ಇನ್ನೂ ತಿರುಗಿಸಿರಲಿಲ್ಲ. ಭಾನುವಾರ ಅಕ್ಕನ ಮೇಲೆ ಕೂಗಾಡಿ ಬಂದವನು ಸೋಮವಾರ ಬೆಳಿಗ್ಗೆಯಿಂದಲೇ ತೋಡಿಸಿದ್ದನಂತೆ.

"ಇದ ಇನ್ ಮುಚ್ಚೋದು ಬ್ಯಾಡ ಕಣ್ಲಾ," ಅಂದಳು ದ್ಯಾವಮ್ಮ. ಅವನ ಜೊತೆ ಅವತ್ತು ಆಡಿದ ಮೊದಲ ಮಾತು.

"ನಂಗೇನ್ ಬ್ಯಾರೆ ಕೇಮೆ ಇಲ್ವಾ ಮುಚ್ಚಕೆ?" ಅಂದ ಅವನು. ಬಾಳೆ ಎಲೆಯ ಚೂರಿಗೆ ಬಿಸಿ ಬೆಲ್ಲ ಬಗ್ಗಿಸಿ ಅವಳ ಮುಂದೆ ಹಿಡಿದ. "ತಕ್ಕೋ ಅಕ್ಕ. ಸುಡ್ತದೆ."

"ಸುಡ್ಲಿ ಬುಡು," ಅಂತ ಎರಡೂ ಕೈಯಲ್ಲಿ ತೆಗೆದುಕೊಂಡಳು.

ಸಂಕ್ರಾಂತಿಗೆ ಕುಕ್ಕೆ ಬಂತು, ಅವನ ತಲೆಯ ಮೇಲೆಯೇ. ಆ ವರ್ಷ ನಮಗೆ ನಾಲ್ಕಲ್ಲ, ಎಂಟು ಅಚ್ಚು. ದ್ಯಾವಮ್ಮ ನೋಟುಬುಕ್ಕಿನ ಆ ನೀಲಿ ವಾರಗಳನ್ನು ಹರಿದು ಹಾಕಲಿಲ್ಲ. ಪಕ್ಕದಲ್ಲಿ ತನ್ನ ದಪ್ಪ ಅಕ್ಷರದಲ್ಲಿ 'ಬೂದಿ' ಅಂತ ಬರೆದಳು, ಅಷ್ಟೇ. ಹಾಲಿಡುವ ಮನೆಯಲ್ಲಿ ಬೇಡ ಅಂತ ಬಾಟಲಿಯನ್ನು ಮಾತ್ರ ನಮ್ಮ ಗೂಡಿನಲ್ಲಿಟ್ಟು ಹೋದಳು. ತಾತ ಹದಿನೈದು ಜನರನ್ನೂ ಮತ್ತೆ ಕರೆಸಿ ಮೊದಲನೇ ಮೀಟಿಂಗನ್ನು ಮೊದಲಿನಿಂದ ಮಾಡಿದರು. ಹಾಲು ನಾನೇ ಹಿಂದಿನ ದಿನ ತರಿಸಿಟ್ಟಿದ್ದೆ. ಕರಿಯಯ್ಯ ಅಷ್ಟು ದೂರದಿಂದ ಬಂದು, "ನೀರಿಲ್ದೋರು ಮೂರು ಸಲ ಏನ್ರೀ ಚೆಲ್ಲದು?" ಅಂದ.

ಸಾಕು, ಇಷ್ಟು ಬರೆದರೆ ಸಾಕು. ಮುಚ್ಚು ಪುಸ್ತಕ. ಈಗ ಬಾಟಲಿ ತೆಗೆದುಕೋ, ಈಗ ಮುಟ್ಟಬಹುದು. ನಾಳೆ ಸೋಮವಾರ. ದ್ಯಾವಮ್ಮನ ಮಂಡಿ ಊದಿಕೊಂಡಿದೆ, ಹಾಲನ್ನೇ ಸೊಸೆಯ ಕೈಲಿ ಕಳಿಸುತ್ತಿದ್ದಾಳೆ, ನೀರಿಗೆ ಇಳಿಯುವ ಹಾಗಿಲ್ಲ. ಬೆಳಿಗ್ಗೆ ತಿಂಡಿ ತಿಂದು ಹೊಂಗೆ ಮರದ ಹತ್ತಿರ ಹೋಗು. ಹಳ್ಳದ ನೀರಲ್ಲೇ ಮೂರು ಸಲ ಅಲ್ಲಾಡಿಸಿ ಚೆಲ್ಲು, ಆಮೇಲೆ ಹಿಡಿ. ಐದು ಕಲ್ಲು ಎತ್ತಿ ಮೂರು ಬಾಲದವನ್ನು ಎಣಿಸು, ಕಲ್ಲನ್ನು ಹೇಗಿತ್ತೋ ಹಾಗೇ ಇಡು. ಮನೆಗೆ ಬರಬೇಡ, ಮೊದಲು ದ್ಯಾವಮ್ಮನ ಜಗಲಿಗೆ ಹೋಗಿ ಎಷ್ಟು ಅಂತ ಅವಳಿಗೆ ಹೇಳು. ಚುಕ್ಕಿ ಅವಳೇ ಇಡಲಿ.